ಸ್ವಾಗತ ಭಾಷಣ ಯಾರಿಗೆ?

ಇವತ್ತು ಅತಿಥಿಗಳು ಯಾರೂ ಇಲ್ಲ, ನಾನೊಬ್ಬಳೇ ಮಾತಾಡ್ತೀನಿ. ವಿಷಯ ಚಿಕ್ಕದು ಅನ್ನಿಸಬಹುದು. ಒಂದು ಸಾರ್ವಜನಿಕ ಕಾರ್ಯಕ್ರಮಕ್ಕೆ ಮೊದಲ ಸಲ, ಒಬ್ಬರೇ, ಯಾರ ಪರಿಚಯವೂ ಇಲ್ಲದೆ ಬಂದವರನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಅನ್ನೋದು.

ಕೇಳುಗರೊಬ್ಬರು ಹೋದ ತಿಂಗಳು ಒಂದು ಸಂದೇಶ ಕಳಿಸಿದ್ದರು. ಊರಲ್ಲಿ ಪುಸ್ತಕ ಬಿಡುಗಡೆ, ನಾಟಕ, ಉಪನ್ಯಾಸ ಎಲ್ಲಾ ನಡೀತಾನೇ ಇರತ್ತೆ, ಪೋಸ್ಟರ್ ನೋಡ್ತೀನಿ, ಆಸೆ ಆಗತ್ತೆ, ಆದ್ರೆ ಹೋಗಲ್ಲ, ಅಲ್ಲಿ ನನಗ್ಯಾರೂ ಗೊತ್ತಿಲ್ಲ ಅಂತ. ಇದೇ ಹೊತ್ತಿಗೆ ಸಂಘಟಕರನ್ನು ಕೇಳಿ ನೋಡಿ. ಯುವಕರು ಬರ್ತಿಲ್ಲ, ಅದೇ ನಲವತ್ತು ತಲೆ, ಅದೇ ಮುಖಗಳು ಅಂತಾರೆ. ಒಂದು ಕಡೆ ಬರೋಕೆ ಆಸೆ ಇರೋರು, ಇನ್ನೊಂದು ಕಡೆ ಬರಲಿ ಅಂತ ಕಾಯ್ತಿರೋರು. ನಡುವೆ ಏನಿದೆ? ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಆದರೂ ದಾಟೋಕಾಗ್ತಿಲ್ಲ.

ನಮ್ಮಲ್ಲಿ ಸ್ವಾಗತಕ್ಕೆ ಕೊರತೆ ಇದೆ ಅಂತ ಯಾರೂ ಹೇಳೋ ಹಾಗಿಲ್ಲ. ಪ್ರಾರ್ಥನೆ ಮುಗಿದ ತಕ್ಷಣ ಸ್ವಾಗತ ಭಾಷಣವೇ. ಅದಕ್ಕೆ ಪ್ರತ್ಯೇಕ ವ್ಯಕ್ತಿ, ಪ್ರತ್ಯೇಕ ಸಮಯ. ಆದರೆ ಆ ಭಾಷಣವನ್ನು ಒಂದು ಸಲ ಗಮನವಿಟ್ಟು ಕೇಳಿ. ಅಧ್ಯಕ್ಷರಿಗೆ ಸ್ವಾಗತ, ಉದ್ಘಾಟಕರಿಗೆ ಸ್ವಾಗತ, ಮುಖ್ಯ ಅತಿಥಿಗಳಿಗೆ, ವಿಶೇಷ ಆಹ್ವಾನಿತರಿಗೆ, ಒಬ್ಬೊಬ್ಬರ ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ. ಇಪ್ಪತ್ತು ನಿಮಿಷ ಆದಮೇಲೆ ಕೊನೆಯಲ್ಲಿ ಉಸಿರು ಬಿಡದೆ ಒಂದು ಸಾಲು: ಹಾಗೂ ನೆರೆದಿರುವ ಎಲ್ಲಾ ಸಭಿಕರಿಗೂ ಸ್ವಾಗತ. ಅಲ್ಲಿಗೆ ಮುಗೀತು.

ಅಂದರೆ ವೇದಿಕೆ ಮೇಲಿರುವವರನ್ನು ವಿವರವಾಗಿ ಸ್ವಾಗತಿಸುತ್ತೇವೆ. ಅವರನ್ನು ಯಾರೋ ಕಾರಿನಲ್ಲಿ ಕರೆದುಕೊಂಡು ಬಂದಿರುತ್ತಾರೆ, ಒಳಗೆ ಬರುವಾಗಲೇ ಹತ್ತು ಜನ ಕೈ ಮುಗಿದಿರುತ್ತಾರೆ, ಎಲ್ಲಿ ಕೂರಬೇಕು ಅಂತ ಕುರ್ಚಿ ಮುಂದೆ ಹೆಸರಿನ ಫಲಕವೇ ಇರುತ್ತದೆ. ಸ್ವಾಗತದ ಅಗತ್ಯ ಅವರಿಗೆ ಅತ್ಯಂತ ಕಡಿಮೆ. ಅಗತ್ಯ ಇರುವವರು ಹಿಂದಿನ ಬಾಗಿಲ ಹತ್ತಿರ ನಿಂತು, ಮೊಬೈಲ್ ನೋಡುವ ಹಾಗೆ ನಟಿಸುತ್ತಾ, ಕೂರಬಹುದೋ ಬಾರದೋ ಅಂತ ಯೋಚಿಸ್ತಿರ್ತಾರೆ.

ನಾನಿವತ್ತು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು. ಹೊಸಬರಿಗೆ ಬೇಕಾಗಿರೋದು ನಗು, ಹೂವು, ಭಾಷಣ ಅಲ್ಲ. ಅವರಿಗೆ ಬೇಕಾಗಿರೋದು ಮಾಹಿತಿ, ಮತ್ತೆ ಕೈಗೊಂದು ಸಣ್ಣ ಕೆಲಸ. ಇವೆರಡು ಇದ್ದರೆ ನಗು ಸ್ವಲ್ಪ ಕಡಿಮೆ ಇದ್ರೂ ನಡೆಯುತ್ತೆ.

ಮೊದಲು ಮಾಹಿತಿಗೆ ಬರೋಣ. ಮನೆಯಲ್ಲಿ ಹಳೇ ಆಹ್ವಾನ ಪತ್ರಿಕೆ ಇದ್ದರೆ ತೆಗೆದು ನೋಡಿ, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದಿರೋದನ್ನೇ ನೋಡಿ. ಹದಿನಾಲ್ಕು ಹೆಸರು, ಅವರ ಪದನಾಮ, ಎರಡು ಮೂರು ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ಸರ್ವರಿಗೂ ಆದರದ ಸ್ವಾಗತ". ಈಗ ನೀವು ಆ ಜಾಗಕ್ಕೆ ಯಾವತ್ತೂ ಹೋಗದೇ ಇರೋರು ಅಂದುಕೊಂಡು ಓದಿ. ಪ್ರವೇಶ ಉಚಿತವಾ? ಹೆಸರು ನೋಂದಾಯಿಸಬೇಕಾ? ಯಾವ ಗೇಟು? ಎಷ್ಟು ಹೊತ್ತಿಗೆ ಮುಗಿಯುತ್ತೆ? ನಡುವೆ ಎದ್ದು ಹೋಗಬಹುದಾ? ಮಗು ಕರ್ಕೊಂಡು ಬರಬಹುದಾ? ಮೆಟ್ಟಿಲು ಎಷ್ಟಿದೆ? ಊಟ ಇದೆ ಅಂದ್ರೆ ಅದು ಎಲ್ಲರಿಗಾ, ಅತಿಥಿಗಳಿಗೆ ಮಾತ್ರಾನಾ? ಒಂದಕ್ಕೂ ಉತ್ತರ ಇರಲ್ಲ. ಯಾಕಂದ್ರೆ ಪತ್ರಿಕೆ ಬರೆದವರಿಗೆ ಇದೆಲ್ಲ ಗೊತ್ತು, ಖಾಯಂ ಬರೋರಿಗೂ ಗೊತ್ತು. ಗೊತ್ತಿಲ್ಲದೇ ಇರೋರನ್ನು ಮನಸ್ಸಲ್ಲಿಟ್ಟುಕೊಂಡು ಅದನ್ನು ಯಾರೂ ಬರೆದೇ ಇಲ್ಲ.

ಸಮಯದ ವಿಷಯ ನೋಡಿ. ಸಂಜೆ 5.30 ಅಂತ ಹಾಕಿರ್ತಾರೆ. ಶುರು ಆಗೋದು 6.30ಕ್ಕೆ. ಖಾಯಂ ಬರೋರು ಆರಾಮಾಗಿ 6.15ಕ್ಕೆ ಬರ್ತಾರೆ. 5.30 ಅಂತ ನಂಬಿ 5.20ಕ್ಕೇ ಬಂದು ನಿಲ್ಲೋರು ಯಾರು? ಮೊದಲ ಸಲ ಬಂದವರು. ಖಾಲಿ ಸಭಾಂಗಣ, ಮೈಕ್ ಟೆಸ್ಟಿಂಗ್, ಬ್ಯಾನರ್ ಕಟ್ತಿರೋ ಹುಡುಗರು, ನಡುವೆ ಇವರೊಬ್ಬರು. ನಮ್ಮ ಕಾರ್ಯಕ್ರಮಗಳು ತಡವಾಗಿ ಶುರುವಾಗೋದನ್ನು ತಮಾಷೆ ಮಾಡಿ ಬಿಟ್ಟುಬಿಡ್ತೀವಿ. ನನಗನ್ನಿಸೋದು, ಅದು ಹೊಸಬರಿಗೆ ಹಾಕುವ ದಂಡ. ನಾವು ಬರೆದಿದ್ದನ್ನು ನಂಬಿದ್ದಕ್ಕೆ ದಂಡ.

ಕಟ್ಟುನಿಟ್ಟಾಗಿದ್ದರೆ ಹೊಸಬರು ಹೆದರುತ್ತಾರೆ ಅಂತ ಕೆಲವರು ವಾದ ಮಾಡ್ತಾರೆ. ನನಗೆ ಹಾಗನ್ನಿಸಲ್ಲ. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾದದ್ದು. ನಾಟಕ ಶುರುವಾದ ಮೇಲೆ ಅಲ್ಲಿ ಒಳಗೆ ಬಿಡಲ್ಲ, ನೀವು ಯಾರೇ ಆಗಿರಿ. ಕೇಳೋಕೆ ಖಡಕ್ ಅನ್ನಿಸತ್ತೆ. ಆದರೆ ಆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿರತ್ತೆ, ಎಲ್ಲರಿಗೂ ಒಂದೇ. ಮೊದಲ ಸಲ ಬಂದವರೂ ನೂರನೇ ಸಲ ಬಂದವರೂ ಒಂದೇ ಬೆಲ್ಲಿಗೆ ಒಳಗೆ ಹೋಗ್ತಾರೆ. ಹೊಸಬರನ್ನು ದೂರ ಇಡೋದು ಗಟ್ಟಿ ನಿಯಮ ಅಲ್ಲ, ಬರೆಯದೇ ಬಿಟ್ಟಿರೋ ನಿಯಮ.

ಎರಡನೇದು, ಕೈಗೊಂದು ಕೆಲಸ. ಇದಕ್ಕೆ ಉದಾಹರಣೆ ಹುಡುಕ್ಕೊಂಡು ದೂರ ಹೋಗಬೇಕಾಗಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ಇದೆ, ಕಾರ್ತಿಕ ಮಾಸದ ಕೊನೇ ಸೋಮವಾರ. ಅಲ್ಲಿ ಮೊದಲ ಸಲ ಹೋದವರಿಗೆ ನಾನು ಹೊಸಬ ಅನ್ನೋ ಭಾವನೆ ಬರೋದೇ ಇಲ್ಲ. ಯಾಕೆ? ಮಾಡೋಕೆ ಏನೋ ಇದೆ. ಒಂದು ಸೇರು ಕಡಲೆಕಾಯಿ ತಗೊಂಡು ಸಿಪ್ಪೆ ಬಿಡಿಸ್ತಾ ನಡೆದರೆ ನೀವೂ ಪರಿಷೆಯವರೇ. ಸಾಹಿತ್ಯ ಸಮ್ಮೇಳನದಲ್ಲೂ ಹಾಗೇ. ಗೋಷ್ಠಿಯ ಒಳಗೆ ಹೋಗೋಕೆ ಹಿಂಜರಿಯುವವರು ಪುಸ್ತಕ ಮಳಿಗೆಗೆ ಹಿಂಜರಿಯಲ್ಲ. ಪುಸ್ತಕ ಕೈಗೆತ್ತಿಕೊಂಡು ಎರಡು ಪುಟ ಓದಿ ವಾಪಸ್ ಇಡಬಹುದು, ಯಾರೂ ಏನೂ ಕೇಳಲ್ಲ.

ಕಬ್ಬನ್ ಪಾರ್ಕಿನಲ್ಲಿ ವಾರಾಂತ್ಯ ಜನ ಸೇರಿ ಮೌನವಾಗಿ ಓದೋದು ನಿಮಗೆ ಗೊತ್ತಿರಬಹುದು, ಕಬ್ಬನ್ ರೀಡ್ಸ್ ಅಂತ. ಬೆಂಗಳೂರಿನಿಂದ ಬೇರೆ ಊರುಗಳಿಗೂ ಹಬ್ಬಿತು. ಅದರ ಗುಟ್ಟು ಏನು ಅಂತ ಯೋಚಿಸಿದರೆ, ಅಲ್ಲಿ ಹೊಸಬರಿಂದ ಏನನ್ನೂ ನಿರೀಕ್ಷೆ ಮಾಡಲ್ಲ. ಚಾಪೆ ಹಾಸು, ಪುಸ್ತಕ ತೆಗಿ, ಓದು, ಮಾತಾಡಬೇಕು ಅನ್ನಿಸಿದರೆ ಆಮೇಲೆ ಮಾತಾಡು, ಇಲ್ಲಾಂದ್ರೆ ಎದ್ದು ಹೋಗು. ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಡ.

ನಮ್ಮ ಕರಾವಳಿಯ ಯಕ್ಷಗಾನ ಬಯಲಾಟವನ್ನೂ ಇದೇ ಕಣ್ಣಲ್ಲಿ ನೋಡಬಹುದು. ಆಟ ಇದೆ ಅಂತ ಸುತ್ತಲಿನ ಊರಿಗೆ ಗೊತ್ತಾಗಲಿ ಅಂತ ಮೊದಲು ಕೇಳಿ ಬಡೀತಾರೆ, ಚೆಂಡೆ ಮದ್ದಳೆಯ ಸದ್ದೇ ಆಹ್ವಾನ ಪತ್ರಿಕೆ. ಅದರಲ್ಲಿ ಯಾರ ಹೆಸರೂ ಇಲ್ಲ, ಕಿವಿಗೆ ಬಿದ್ದವರೆಲ್ಲ ಆಹ್ವಾನಿತರು. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಬಯಲಿನ ಅಂಚಲ್ಲಿ ನಿಂತು ಸ್ವಲ್ಪ ನೋಡಿ, ಹಿಡಿಸಿದರೆ ಮುಂದೆ ಬಂದು ಕೂರಬಹುದು. ರಂಗದ ಮೇಲೂ ಹೊಸಬರಿಗೊಂದು ಜಾಗ ಇದೆ. ಪೂರ್ವರಂಗದಲ್ಲಿ ಬರೋ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಸಾಮಾನ್ಯವಾಗಿ ಕಲಿಯುವ ಹುಡುಗರೇ ಮಾಡೋದು. ಪ್ರಸಂಗ ಶುರುವಾಗೋ ಮುಂಚೆ, ಜನ ಇನ್ನೂ ಸೇರ್ತಿರುವಾಗ, ತಪ್ಪಾದರೂ ಯಾರೂ ದೊಡ್ಡದು ಮಾಡದ ಹೊತ್ತಲ್ಲಿ, ಅವರು ಹೆಜ್ಜೆ ಹಾಕಿ ಅಭ್ಯಾಸ ಮಾಡ್ಕೋತಾರೆ. ಹೊಸಬರನ್ನು ಹೇಗೆ ಒಳಗೆ ತರಬೇಕು ಅನ್ನೋದನ್ನು ಒಂದು ಕಲೆ ತನ್ನ ಕ್ರಮದಲ್ಲೇ ಸೇರಿಸಿಕೊಂಡಿದೆ ನೋಡಿ.

ಹೊರಗಿನದೊಂದು ಉದಾಹರಣೆ ಕೊಡ್ತೀನಿ, ಒಂದೇ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು 13 ಜನ ಸೇರಿ 5 ಕಿಲೋಮೀಟರ್ ಓಡಿದರು. ಆಮೇಲೆ ಅದು ಪಾರ್ಕ್‌ರನ್ ಅಂತ ಎಷ್ಟೋ ದೇಶಗಳಿಗೆ ಹೋಯ್ತು. ದುಡ್ಡಿಲ್ಲ, ನಡೆಸೋರೆಲ್ಲ ಸ್ವಯಂಸೇವಕರು. ಅಲ್ಲಿ ಟೇಲ್ ವಾಕರ್ ಅಂತ ಒಂದು ಕೆಲಸ ಇದೆ. ಆ ಸ್ವಯಂಸೇವಕರ ಕೆಲಸ ಕೊನೆಯಲ್ಲಿ ನಡೆಯೋದು, ಅಷ್ಟೇ. ಯಾಕೆ ಅಂದ್ರೆ, ಮೊದಲ ಸಲ ಬಂದವರ ದೊಡ್ಡ ಭಯ ಏನು? ನಾನೇ ಕೊನೆಯವಳಾಗಿಬಿಟ್ಟರೆ ಅನ್ನೋದು. ಆ ಭಯಕ್ಕೆ ಧೈರ್ಯ ಹೇಳೋ ಬದಲು, ಕೊನೇ ಸ್ಥಾನವನ್ನೇ ತಮ್ಮವರೊಬ್ಬರಿಗೆ ಕೊಟ್ಟುಬಿಟ್ಟರು. ನನಗೆ ಬಹಳ ಇಷ್ಟವಾದ ಉಪಾಯ ಇದು.

ಈಗ ನಮ್ಮೂರಿನ ಗಟ್ಟಿ ಪ್ರಶ್ನೆಗಳಿಗೆ ಬರೋಣ. ಯಾಕಂದ್ರೆ ಇದು ಬರೀ ಸಂಕೋಚದ ಕಥೆ ಅಲ್ಲ.

ಮೊದಲನೇದು, ಒಬ್ಬರೇ ಬರೋ ಹೆಣ್ಣುಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಹೋಯ್ತು. ಒಂದು ಅಡ್ಡಿ ಕಳೀತು. ಆದರೆ ಕಾರ್ಯಕ್ರಮ ಎಷ್ಟಕ್ಕೆ ಮುಗಿಯುತ್ತೆ ಅಂತ ಪತ್ರಿಕೆಯಲ್ಲಿ ಇಲ್ಲ ಅಂದ್ರೆ ಆ ಉಚಿತ ಬಸ್ಸು ಹಿಡಿಯೋದು ಹೇಗೆ? ಪಿಜಿಯಲ್ಲಿ ಇರೋ ಹುಡುಗಿಗೆ ಇಷ್ಟು ಹೊತ್ತಿಗೆ ಬಾಗಿಲು ಹಾಕ್ತಾರೆ ಅಂತ ಇರತ್ತೆ. ಮನೆಯಲ್ಲಿ ಎಷ್ಟೊತ್ತಿಗೆ ಬರ್ತೀಯ ಅಂತ ಕೇಳ್ತಾರೆ. ಗೊತ್ತಿಲ್ಲ ಅನ್ನೋ ಉತ್ತರ ಕೊಟ್ಟು ಹೊರಡೋಕೆ ಎಲ್ಲರಿಗೂ ಆಗಲ್ಲ. "ಮುಕ್ತಾಯ: ರಾತ್ರಿ 8.00" ಅನ್ನೋ ಒಂದು ಸಾಲು ಎಷ್ಟೋ ಜನರಿಗೆ ಬಾಗಿಲು ತೆಗೆಯುತ್ತೆ. ಆ ಸಾಲನ್ನು ಹಾಕಿದ ಮೇಲೆ ಪಾಲಿಸಬೇಕು, ಅದು ಬೇರೆ ಮಾತು.

ಎರಡನೇದು, ಆ ಪ್ರಶ್ನೆ. ನೀವು ಯಾರ ಕಡೆಯವರು?

ಬಿ.ಕಾಂ ಮುಗಿಸಿ ಕೆಲಸಕ್ಕೆ ಅಂತ ಕಡೂರಿನಿಂದ ಬೆಂಗಳೂರಿಗೆ ಬಂದ ವರ್ಷ ನಾನೊಂದು ಉಪನ್ಯಾಸಕ್ಕೆ ಹೋಗಿದ್ದೆ. ಸಂಸ್ಥೆಯ ಹೆಸರು ಬೇಡ. ಬಾಗಿಲಲ್ಲಿ ಇದ್ದ ಹಿರಿಯರು ಬಹಳ ಪ್ರೀತಿಯಿಂದಲೇ ಕೇಳಿದರು, ಯಾರ ಕಡೆಯಿಂದ ಬಂದ್ರಮ್ಮ? ಪೋಸ್ಟರ್ ನೋಡಿ ಬಂದೆ ಅಂದೆ. ಊರು ಯಾವುದು? ಹೇಳಿದೆ. ಕಡೂರಲ್ಲಿ ಯಾರ ಮನೆ? ತಂದೆ ಹೆಸರೇನು? ಅವರು ಕೇಳ್ತಾ ಹೋದ ಹಾಗೆ ಪ್ರಶ್ನೆ ಎಲ್ಲಿಗೆ ಹೊರಟಿದೆ ಅಂತ ನನಗೂ ಗೊತ್ತಾಯ್ತು, ಪಕ್ಕದಲ್ಲಿ ನಿಂತಿದ್ದವರಿಗೂ ಗೊತ್ತಾಯ್ತು. ಉಪನ್ಯಾಸ ಚೆನ್ನಾಗಿತ್ತು. ಆದರೆ ಆ ಸಭಾಂಗಣಕ್ಕೆ ನಾನು ಎರಡನೇ ಸಲ ಹೋಗಲಿಲ್ಲ.

ಇವನು ಯಾರವನು ಅಂತ ಕೇಳಬೇಡ, ನಮ್ಮವನು ಅಂದುಕೋ ಅನ್ನೋ ಅರ್ಥದ ಬಸವಣ್ಣನವರ ವಚನವನ್ನು ವೇದಿಕೆ ಮೇಲೆ ಹಾಡ್ತೀವಿ. ಬಾಗಿಲಲ್ಲಿ ಮಾತ್ರ ಅದೇ ಪ್ರಶ್ನೆ ಕೇಳ್ತೀವಿ. ಕೇಳೋರಿಗೆ ಅದು ಕುಶಲೋಪರಿ. ಆದರೆ ತಲೆಮಾರುಗಳಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಲೋಟ ಬೇರೆ, ಸಾಲು ಬೇರೆ ಆಗಿದ್ದನ್ನು ಕಂಡ ಮನೆಯಿಂದ ಬಂದವರಿಗೆ ಅದು ಕುಶಲೋಪರಿ ಅಲ್ಲ. "ಎಲ್ಲರಿಗೂ" ಅನ್ನೋ ಪದದಲ್ಲಿ ತಾವು ಸೇರಿದ್ದೀವಾ ಇಲ್ವಾ ಅಂತ ಅವರು ಪ್ರತಿ ಸಲ ಹೊಸದಾಗಿ ಪರೀಕ್ಷೆ ಮಾಡಿ ನೋಡಬೇಕಾಗುತ್ತೆ. ಅದಕ್ಕೇ ನಾನು ಮಾಹಿತಿ, ಮಾಹಿತಿ ಅಂತ ಇಷ್ಟು ಹೇಳ್ತಿರೋದು. ಎಲ್ಲಿ ಬೇಕಾದರೂ ಕೂರಬಹುದು, ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಅಂತ ಬರೆದಿದ್ದರೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಯಾರ ದಾಕ್ಷಿಣ್ಯವೂ ಬೇಕಾಗಿಲ್ಲ.

ಬಾಗಿಲಲ್ಲಿ ಏನು ಕೇಳಬಹುದು ಹಾಗಾದ್ರೆ? ಸುಲಭ. ಮೊದಲ ಸಲ ಬಂದ್ರಾ? ನೀರು ಅಲ್ಲಿದೆ, ಶೌಚಾಲಯ ಈ ಕಡೆ, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ, ಎಂಟಕ್ಕೆ ಮುಗಿಯುತ್ತೆ. ಇದು ಹದಿನೈದು ಸೆಕೆಂಡಿನ ಸ್ವಾಗತ ಭಾಷಣ. ಇದರಲ್ಲಿ ಪ್ರಶ್ನೆ ಒಂದೇ, ಉಳಿದಿದ್ದೆಲ್ಲ ಉತ್ತರ.

ಮೂರನೇದು, ಕನ್ನಡ ಕಲೀತಿರೋರು, ಗಾಲಿಕುರ್ಚಿಯಲ್ಲಿ ಬರೋರು, ಕಿವಿ ಮಂದ ಇರೋರು. ಇವರಿಗೆಲ್ಲ ಎಲ್ಲ ವ್ಯವಸ್ಥೆಯನ್ನೂ ಎಲ್ಲ ಪುಟ್ಟ ಸಂಘಗಳೂ ಮಾಡೋಕಾಗಲ್ಲ, ಒಪ್ತೀನಿ. ಮೂರನೇ ಮಹಡಿ, ಲಿಫ್ಟ್ ಇಲ್ಲ ಅನ್ನೋದಾದ್ರೆ ಅದನ್ನಾದರೂ ಬರೀರಿ. ಅಷ್ಟು ದೂರ ಬಂದು ಮೆಟ್ಟಿಲ ಕೆಳಗೆ ನಿಂತು ವಾಪಸ್ ಹೋಗೋದಕ್ಕಿಂತ ಮನೆಯಲ್ಲೇ ಗೊತ್ತಾಗೋದು ವಾಸಿ. ಹೀಗೆ ಬರೆಯೋಕೆ ಮುಜುಗರ ಆದರೆ, ಮುಂದಿನ ಸಲ ಕೆಳಮಹಡಿಯ ಜಾಗ ಹುಡುಕ್ತೀವಿ. ಮುಜುಗರದಿಂದಲೂ ಒಳ್ಳೇದಾಗತ್ತೆ.

ನಾನು ಕಾಮರ್ಸ್ ಓದಿದವಳು, ಹಾಗಾಗಿ ಒಂದು ಲೆಕ್ಕದ ಮಾತು ಹೇಳದೆ ಬಿಡಲ್ಲ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಇದೆ. ಅಂಗಡಿಗೆ ಜನ ಮತ್ತೆ ಮತ್ತೆ ಬರುವಂತೆ ಮಾಡೋ ಒಳ್ಳೇ ಹೆಸರು. ಒಂದು ವ್ಯಾಪಾರವನ್ನು ದುಡ್ಡು ಕೊಟ್ಟು ಕೊಂಡಾಗ ಗುಡ್‌ವಿಲ್ ಲೆಕ್ಕಕ್ಕೆ ಬರುತ್ತೆ. ಆದರೆ ನೀವೇ ವರ್ಷಗಟ್ಟಲೆ ದುಡಿದು ಗಳಿಸಿದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ನಿಯಮವೇ ಹಾಗೆ. ಸಂಘಗಳಲ್ಲೂ ಅದೇ ಆಗೋದು. ವರದಿಯಲ್ಲಿ ಶಾಮಿಯಾನದ ಖರ್ಚು ಬರುತ್ತೆ, ಶಾಲು ಹಾರದ್ದು ಬರುತ್ತೆ, ಇನ್ನೂರು ಜನ ಸೇರಿದ್ದರು ಅಂತ ಬರುತ್ತೆ. ಅದರಲ್ಲಿ ಹೊಸಬರು ಎಷ್ಟು, ಹೋದ ಸಲ ಹೊಸದಾಗಿ ಬಂದವರಲ್ಲಿ ಈ ಸಲ ಎಷ್ಟು ಜನ ಮತ್ತೆ ಬಂದರು ಅನ್ನೋ ಸಾಲು ಯಾವ ವರದಿಯಲ್ಲೂ ಇರಲ್ಲ. ಎಣಿಸದೇ ಇರೋದನ್ನು ಯಾರೂ ಕಾಯಲ್ಲ. ಒಂದು ಸಲ ಎಣಿಸಿ ನೋಡಿ. ಮೊದಲ ಸಲ ಬಂದ ಹತ್ತು ಜನರಲ್ಲಿ ಮೂರು ಜನ ವಾಪಸ್ ಬಂದರೆ ನಿಮ್ಮ ಸಂಘ ಬದುಕಿದೆ. ಒಬ್ಬರೂ ಬರದಿದ್ದರೆ ಪೋಸ್ಟರ್ ಎಷ್ಟು ಚೆನ್ನಾಗಿದ್ದರೂ ಆ ನಲವತ್ತು ತಲೆ ಮೂವತ್ತಾಗತ್ತೆ, ಇಪ್ಪತ್ತಾಗತ್ತೆ.

ಈಗ ಸಂಘಟಕರ ಪರವಾಗಿ ಎರಡು ಮಾತು. ನನಗೆ ಗೊತ್ತು, ನೀವೆಲ್ಲ ಕೈಯಿಂದ ಹಣ ಹಾಕಿ, ರಜೆ ಹಾಕಿ ಮಾಡ್ತಿರೋದು. ಅತಿಥಿ ರೈಲು ತಪ್ಪಿಸಿಕೊಂಡಿರ್ತಾರೆ, ಮೈಕ್ ಕೈ ಕೊಟ್ಟಿರತ್ತೆ. ಅದರ ಮಧ್ಯೆ ಬಾಗಿಲಲ್ಲಿ ನಿಂತವರನ್ನು ಗಮನಿಸೋಕೆ ಪುರುಸೊತ್ತೆಲ್ಲಿ? ಅದಕ್ಕೇ ಆ ಕೆಲಸವನ್ನು ನೀವು ಮಾಡಬೇಡಿ. ಒಬ್ಬರಿಗೆ ಅದೊಂದೇ ಕೆಲಸ ಕೊಡಿ. ಹೋದ ಸಲ ಹೊಸದಾಗಿ ಬಂದವರಿಗೇ ಕೊಟ್ಟರೆ ಇನ್ನೂ ಒಳ್ಳೇದು, ಹೊಸಬರಿಗೆ ಏನು ಗೊತ್ತಾಗಲ್ಲ ಅನ್ನೋದು ಅವರಿಗೆ ಇನ್ನೂ ನೆನಪಿರತ್ತೆ. ಅವರಿಗೂ ಎರಡನೇ ಸಲ ಬರೋಕೆ ಒಂದು ಕಾರಣ ಸಿಗತ್ತೆ.

ನನ್ನನ್ನು ಉಳಿಸಿಕೊಂಡಿದ್ದೂ ಅಂಥದ್ದೇ ಕೆಲಸ. ಬೇರೊಂದು ಪುಟ್ಟ ಓದುಬಳಗದಲ್ಲಿ ಮೊದಲ ದಿನವೇ ಒಬ್ಬರು, ಒಂಚೂರು ಈ ಕುರ್ಚಿ ಹಿಡೀತೀರಾ ಅಂದ್ರು. ಹೆಸರು ಕೇಳಿದ್ದು ಆಮೇಲೆ. ಹನ್ನೆರಡು ಕುರ್ಚಿ ಸರಿಸಿದ ಮೇಲೆ ನಾನು ಅಲ್ಲಿ ಅಪರಿಚಿತಳಾಗಿರಲಿಲ್ಲ. ಐದು ವರ್ಷ ಆಯ್ತು, ಇವತ್ತಿಗೂ ಹೋಗ್ತೀನಿ.

ಒಂದು ಎಚ್ಚರಿಕೆಯೂ ಬೇಕು. ಅತಿಯಾದ ಸ್ವಾಗತವೂ ಓಡಿಸುತ್ತೆ. ಹೊಸಬರು ಯಾರ್ಯಾರು ಕೈ ಎತ್ತಿ, ವೇದಿಕೆಗೆ ಬಂದು ಪರಿಚಯ ಮಾಡ್ಕೊಳ್ಳಿ ಅಂದ್ರೆ ಅರ್ಧ ಜನಕ್ಕೆ ಬೆವರು ಬರತ್ತೆ. ಮೊದಲ ದಿನವೇ ಫೋನ್ ನಂಬರ್ ತಗೊಂಡು ಗುಂಪಿಗೆ ಸೇರಿಸಿ ಬೆಳಗ್ಗೆ ಶುಭೋದಯ ಕಳಿಸೋದೂ ಅಷ್ಟೇ. ಬಂದವರಿಗೆ ಅಂಚಿನಲ್ಲಿ ನಿಂತು ನೋಡೋ ಹಕ್ಕಿದೆ, ಏನೂ ಹೇಳದೆ ಎದ್ದು ಹೋಗೋ ಹಕ್ಕೂ ಇದೆ. ಬಯಲಾಟದ ಅಂಚು ಇದ್ದ ಹಾಗೆ, ಪ್ರತಿ ಸಭಾಂಗಣದಲ್ಲೂ ಹಿಂದಿನ ಎರಡು ಸಾಲು ಅದಕ್ಕೇ ಇರಲಿ. ಎಲ್ಲರೂ ಮುಂದೆ ಬನ್ನಿ, ಮುಂದೆ ಬನ್ನಿ ಅಂತ ಮೈಕಲ್ಲಿ ಕರೆಯೋದನ್ನು ಸ್ವಲ್ಪ ಕಡಿಮೆ ಮಾಡೋಣ.

ಕೊನೇದಾಗಿ, ಕೇಳುಗರಾದ ನಮಗೆ. ಕಾರ್ಯಕ್ರಮ ಮುಗಿದ ಮೇಲಿನ ಹತ್ತು ನಿಮಿಷ ಸಂಘಟಕರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಕಾಫಿ ಲೋಟ ಹಿಡಿದು ಪರಿಚಯದವರೆಲ್ಲ ಬಳೆಯ ಹಾಗೆ ದುಂಡಗೆ ನಿಂತುಬಿಡ್ತೀವಿ, ಬೆನ್ನೆಲ್ಲ ಹೊರಗೆ. ಹೊಸಬರಿಗೆ ಕಾಣೋದು ಬರೀ ಬೆನ್ನು. ಸಾಫ್ಟ್‌ವೇರ್ ಸಮ್ಮೇಳನಗಳಲ್ಲಿ ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದಿದೆ. ಆ ವಿಡಿಯೋ ಗೇಮಿನ ಹಳದಿ ಗೊಂಬೆಯ ತೆರೆದ ಬಾಯಿಯ ಹಾಗೆ, ಗುಂಪಲ್ಲಿ ನಿಂತಾಗ ಒಬ್ಬರು ಬಂದು ಸೇರೋಷ್ಟು ಜಾಗ ಬಿಡಬೇಕು ಅಂತ. ಎರಿಕ್ ಹೋಲ್ಷರ್ ಅನ್ನೋರು ಹೇಳಿದ್ದು. ನಮ್ಮ ಮಾತಲ್ಲಿ ಹೇಳೋದಾದ್ರೆ, ಬಳೆ ಆಗೋದು ಬೇಡ, ಕುದುರೆ ಲಾಳ ಆಗೋಣ. ಒಂದು ಕಡೆ ತೆರೆದಿರಲಿ. ಯಾರಾದರೂ ಬಂದು ನಿಂತರೆ ಹಳೇ ಜೋಕು ನಿಲ್ಲಿಸಿ, ಇವತ್ತಿನ ಭಾಷಣ ಹೇಗನ್ನಿಸ್ತು ಅಂತ ಕೇಳೋಣ. ಇವತ್ತು ಕೇಳಿದ್ದು ಇಬ್ಬರಿಗೂ ಗೊತ್ತಿರೋ ವಿಷಯ. ಊರು, ಮನೆ, ತಂದೆ ಹೆಸರು ಬೇಡ.

ಈ ವಾರ ನಿಮ್ಮಲ್ಲಿ ಯಾರಾದರೂ ಕಾರ್ಯಕ್ರಮ ಮಾಡ್ತಿದ್ದರೆ, ಪತ್ರಿಕೆ ಅಚ್ಚಿಗೆ ಹೋಗೋ ಮುಂಚೆ ಅದನ್ನು ಆ ಜಾಗಕ್ಕೆ ಯಾವತ್ತೂ ಬರದ ಒಬ್ಬರಿಗೆ ತೋರಿಸಿ. ಇದನ್ನಿಟ್ಟುಕೊಂಡು ನೀನು ಒಬ್ಬನೇ ಬಂದು, ಕೂತು, ವಾಪಸ್ ಮನೆ ಸೇರಬಲ್ಲೆಯಾ ಅಂತ ಕೇಳಿ. ಅವರು ಕೇಳೋ ಪ್ರಶ್ನೆಗಳಿಗೆಲ್ಲ ಪತ್ರಿಕೆಯಲ್ಲೇ ಉತ್ತರ ಬರೀರಿ. ಜಾಗ ಸಾಲದಿದ್ದರೆ ಎರಡು ಹೆಸರು ಕಡಿಮೆ ಮಾಡಿ. ಅವರು ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡರೆ ನನ್ನ ಹೆಸರು ಹೇಳಿ.

ನಿಮ್ಮನ್ನು ಉಳಿಸಿಕೊಂಡ ಅಥವಾ ಓಡಿಸಿದ ಮೊದಲ ದಿನದ ಅನುಭವ ಇದ್ದರೆ ದನಿಸಂದೇಶ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.